ವಿದ್ಯೆಯ ತೂಕ, ಸಾಲದ ತೂಕ

ವಿದ್ಯೆಯು ಕಳ್ಳರಿಂದ ಅಪಹರಿಸಲ್ಪಡದ ಧನವೆಂದೂ, ಕೊಟ್ಟಷ್ಟೂ ಹೆಚ್ಚುವ ಸಂಪತ್ತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಆ ಧನವನ್ನು ಪಡೆಯುವುದಕ್ಕೆ ಬೇರೊಂದು ಧನವನ್ನು ಸಾಲವಾಗಿ ತರಬೇಕಾದ ಕಾಲ ಬಂದೀತೆಂದೂ, ವಿದ್ಯೆಯು ಬೆಳೆಯುವುದಕ್ಕೆ ಮೊದಲೇ ಬಡ್ಡಿಯು ಬೆಳೆಯುವುದೆಂದೂ ಸುಭಾಷಿತಕಾರರು ಎಣಿಸಿರಲಿಕ್ಕಿಲ್ಲ. ಇಂದು ಪದವಿಪೂರ್ವ ಪರೀಕ್ಷೆಯನ್ನು ದಾಟಿದ ಮಕ್ಕಳಿರುವ ಮನೆಮನೆಯಲ್ಲಿಯೂ ಏಪ್ರಿಲ್ ತಿಂಗಳು ಬಂದಿತೆಂದರೆ ಈ ಎರಡು ಧನಗಳ ಲೆಕ್ಕಾಚಾರ ಆರಂಭವಾಗುತ್ತದೆ. ಅಂತಹ ಒಂದು ಮನೆಯಲ್ಲಿ ನಡೆದ ಲೆಕ್ಕಾಚಾರದ ಕಥನವಿದು.

ಶರಾವತಿಯು ಕಡಲನ್ನು ಸೇರುವ ಹೊನ್ನಾವರದಿಂದ ಬಡಗಲಾಗಿ, ಕುಮಟೆಗೆ ಹೋಗುವ ಹೆದ್ದಾರಿಯಲ್ಲಿ ಸ್ವಲ್ಪ ದೂರ ಸಾಗಿದರೆ ಕರ್ಕಿ ಎಂಬ ಗ್ರಾಮ ದೊರೆಯುತ್ತದೆ. ಯಕ್ಷಗಾನವನ್ನು ಬಲ್ಲವರಿಗೆ ಇದು ಹಾಸ್ಯಗಾರರ ಮನೆತನದ ಊರು. ದೈವಜ್ಞ ಸಮಾಜದವರಿಗೆ ತಮ್ಮ ಮಠವಿರುವ ಊರು. ತೆಂಗು, ಗದ್ದೆ, ಮೀನುಗಾರಿಕೆಗಳ ನಡುವೆ ಚಿನ್ನದ ಕೆಲಸವೂ ಇಲ್ಲಿ ಪರಂಪರೆಯಿಂದ ನಡೆದುಬಂದಿದೆ. ಆ ಊರಿನ ಒಂದು ಅಕ್ಕಸಾಲಿಗರ ಮನೆಯಲ್ಲಿ ೨೦೨೫ನೆಯ ಇಸವಿಯ ಬೇಸಿಗೆಯಲ್ಲಿ ಮೂರು ತಲೆಮಾರುಗಳು ಒಂದೇ ಜಗಲಿಯಲ್ಲಿ ಕುಳಿತು ಒಂದೇ ಪ್ರಶ್ನೆಯನ್ನು ಮೂರು ಬಗೆಯಾಗಿ ತೂಗಿದವು. ಮೊಮ್ಮಗಳು ದ್ವಿತೀಯ ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದಳು. ಮನಶ್ಶಾಸ್ತ್ರದಲ್ಲಿ ಬಿ.ಎ. ಓದಬೇಕೆಂಬುದು ಆಕೆಯ ನಿಶ್ಚಯ. ಅದೂ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ.

ಆ ನಿಶ್ಚಯದ ಹಿಂದೆ ಒಂದು ನೋವು ಇದ್ದಿತು. ಹುಡುಗಿಯ ಸೋದರತ್ತೆಯು ಹಲವು ವರ್ಷಗಳ ಹಿಂದೆ ಮಾತು ಬಿಟ್ಟು, ನಿದ್ರೆ ಬಿಟ್ಟು, ತನ್ನನ್ನು ಯಾರೋ ಕರೆಯುತ್ತಿದ್ದಾರೆಂದು ರಾತ್ರಿ ಹಿತ್ತಲಿಗೆ ಎದ್ದು ಹೋಗತೊಡಗಿದ್ದಳು. ಮನೆಯವರು ಮೊದಲು ದೇವರಲ್ಲಿ ಪ್ರಶ್ನೆ ಕೇಳಿಸಿದರು, ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಎರಡು ವರ್ಷಗಳು ಹೀಗೆ ಕಳೆದ ತರುವಾಯ ಆಕೆಯನ್ನು ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಔಷಧಿಯಿಂದ ಮಾತು ಮರಳಿತು. ಆದರೆ ಕಳೆದುಹೋದ ಎರಡು ವರ್ಷಗಳು ಮರಳಲಿಲ್ಲ. ಮುರಿದ ಮದುವೆಯೂ ಕೂಡಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬ ತರುಣಿ ಪ್ರತಿದಿನವೂ ಅತ್ತೆಯ ಎದುರು ಕುಳಿತು, ಅವಸರಪಡದೆ, ಅವಳ ಮಾತನ್ನು ಕೇಳುತ್ತಿದ್ದುದನ್ನು ಆಗ ಎಂಟು ವರ್ಷದವಳಾಗಿದ್ದ ಹುಡುಗಿ ನೋಡಿದ್ದಳು. ಆಕೆ ವೈದ್ಯೆಯಲ್ಲ, ಮನಶ್ಶಾಸ್ತ್ರಜ್ಞೆ ಎಂದು ತಂದೆ ಹೇಳಿದ್ದನು. ಅಂದಿನಿಂದ ಆ ಪದವು ಹುಡುಗಿಯ ಮನಸ್ಸಿನಲ್ಲಿ ಬೇರೂರಿದ್ದಿತು.

ಹೀಗಿರುವಲ್ಲಿ ಆ ಆಸೆಯನ್ನು ಕೇವಲ ಹುಡುಗಾಟವೆಂದು ತಳ್ಳಿಹಾಕುವಂತಿರಲಿಲ್ಲ. ಶಾಸ್ತ್ರವಾದರೂ ಅಲ್ಪವಾದುದಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ನೂರು ವರ್ಷಗಳ ಇತಿಹಾಸವಿದೆ. ಲಂಡನ್ನಿನಲ್ಲಿ ಅಧ್ಯಯನ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಬೋಧನೆಗೂ ಪ್ರಯೋಗಕ್ಕೂ ನೆಲೆ ಕಲ್ಪಿಸಿದರು. ಮುಂದೆ ೧೯೩೫ರಲ್ಲಿ ಮೈಸೂರಿನ ಆಕಾಶವಾಣಿಗೆ ಮೂಲಪುರುಷರಾದವರೂ ಅವರೇ. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ ತ್ರಿವೇಣಿಯವರು ಆ ವಿದ್ಯೆಯನ್ನು 'ಶರಪಂಜರ'ದಂತಹ ಕಾದಂಬರಿಗಳಿಗೆ ಧಾರೆಯೆರೆದು, ಮನೋರೋಗಿಯಾದ ಹೆಣ್ಣಿನ ಸಂಕಟವನ್ನು ಮನೆಮನೆಗೆ ತಿಳಿಸಿದರು. ವೈದ್ಯರಾದ ಎಂ. ಶಿವರಾಂ ಅವರ 'ಮನ ಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ೧೯೭೪ರಲ್ಲಿ ನಿಮ್ಹಾನ್ಸ್ ಆಗಿ ದೇಶಕ್ಕೇ ಹೆಸರಾಯಿತು. ಆ ಸಂಸ್ಥೆಯು ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿರುವವರು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿಲ್ಲ. ಆದುದರಿಂದ ಈ ವಿದ್ಯೆಯನ್ನು ಬಲ್ಲವರ ಅಗತ್ಯ ನಾಡಿಗೆ ಇದ್ದೇ ಇದೆ. ಆದರೆ ನಾಡಿಗೆ ಅಗತ್ಯವಾದುದಕ್ಕೆಲ್ಲ ನಾಡು ಒಳ್ಳೆಯ ವೇತನವನ್ನು ಕೊಡುತ್ತದೆಂಬ ನಿಯಮವಿಲ್ಲ. ಈ ಭೇದವನ್ನು ಅರಿಯುವುದಕ್ಕೆ ಆ ಮನೆಯವರಿಗೆ ಎರಡು ತಿಂಗಳು ಹಿಡಿಯಿತು.

ಬೆಂಗಳೂರಿನ ಕಾಲೇಜಿನ ವರ್ಣಮಯ ಪುಸ್ತಿಕೆಯು ಅಂಚೆಯಲ್ಲಿ ಬಂದಿತು. ಗಾಜಿನ ಕಟ್ಟಡ, ಹುಲ್ಲುಹಾಸು, ನಗುಮುಖದ ವಿದ್ಯಾರ್ಥಿಗಳು. ಕೆಳಗೆ, ಮೂರು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರಾಗಿ ಹೊರಬನ್ನಿರೆಂಬ ಅರ್ಥದ ಒಂದು ವಾಕ್ಯ. ವರ್ಷಕ್ಕೆ ಶುಲ್ಕ ರೂ. ೧,೩೦,೦೦೦, ವಸತಿ ಹಾಗೂ ಊಟಕ್ಕೆ ರೂ. ೧,೦೦,೦೦೦. ಮೂರು ವರ್ಷಗಳಿಗೆ ರೂ. ೬,೯೦,೦೦೦. ತಂದೆಯು ಹೊನ್ನಾವರದ ಆಭರಣದಂಗಡಿಗಳಿಗೆ ಕೂಲಿಯ ಮೇಲೆ ಕೆಲಸ ಮಾಡುವವನು. ಯಂತ್ರದಲ್ಲಿ ಎರಕವಾದ ಒಡವೆಗಳು ಪೇಟೆಯನ್ನು ತುಂಬಿದ ಮೇಲೆ ಕೈಕೆಲಸಕ್ಕೆ ಮೊದಲಿನ ಬೇಡಿಕೆಯಿರಲಿಲ್ಲ. ವರ್ಷಕ್ಕೆ ಮೂವತ್ತು ಸಾವಿರವನ್ನು ಹೇಗೋ ಹೊಂದಿಸಿಯೇನು, ಉಳಿದ ಆರು ಲಕ್ಷಕ್ಕೆ ಸಾಲವೇ ಗತಿ ಎಂದು ಅವನು ನಿರ್ಧರಿಸಿದನು. ಮನೆಯ ಹಿಂದಿನ ಹನ್ನೆರಡು ಗುಂಟೆ ತೆಂಗಿನ ಹಿತ್ತಲಿನ ಕಾಗದಪತ್ರಗಳನ್ನು ಪೆಟ್ಟಿಗೆಯಿಂದ ಹೊರತೆಗೆದನು.

ಕಾಗದಪತ್ರಗಳ ಸದ್ದಿಗೆ ಅಜ್ಜನು ಒಳಗಿನಿಂದ ಎದ್ದು ಬಂದನು. ಆತನಿಗೆ ಎಂಬತ್ತು ದಾಟಿದ್ದಿತು. ಆ ಪತ್ರಗಳ ಇತಿಹಾಸ ಆತನಿಗೆ ಮಾತ್ರ ಗೊತ್ತಿದ್ದಿತು.

೧೯೬೩ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಚಿನ್ನ ನಿಯಂತ್ರಣದ ನಿಯಮಗಳನ್ನು ಜಾರಿಗೆ ತಂದಿತು. ಹದಿನಾಲ್ಕು ಕ್ಯಾರೆಟಿಗಿಂತ ಹೆಚ್ಚು ಶುದ್ಧಿಯ ಒಡವೆಗಳನ್ನು ಹೊಸದಾಗಿ ಮಾಡಕೂಡದೆಂದಾಯಿತು. ಇಪ್ಪತ್ತೆರಡು ಕ್ಯಾರೆಟಿನ ತಾಳಿ, ಬಳೆಗಳಿಗೆ ಒಗ್ಗಿದ ಜನ ಹೊಸ ಒಡವೆಗಳನ್ನು ಮಾಡಿಸುವುದನ್ನೇ ಬಿಟ್ಟರು. ದೇಶದಾದ್ಯಂತ ಅಸಂಖ್ಯಾತ ಅಕ್ಕಸಾಲಿಗರ ಕುಲುಮೆಗಳು ಆರಿದವು. ೧೯೬೮ರಲ್ಲಿ ಅದು ಕಾಯಿದೆಯಾಗಿ, ೧೯೯೦ರಲ್ಲಿ ರದ್ದಾಗುವವರೆಗೂ ಕಸುಬಿನ ಮೇಲೆ ತೂಗುಗತ್ತಿಯಂತೆ ನಿಂತಿದ್ದಿತು. ಆ ಸಂಕಟದ ದಿನಗಳಲ್ಲಿ ಅಜ್ಜನ ತಂದೆಯು ಒಂದೆರಡು ವರ್ಷಗಳಲ್ಲಿ ಎಲ್ಲವೂ ಸರಿಹೋದೀತೆಂಬ ನಂಬಿಕೆಯಿಂದ ಹಿತ್ತಲನ್ನು ಅಡವಿಟ್ಟು ಸಾಲ ತಂದನು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಮತ್ತೆ ಬಡ್ಡಿ. ಕೊನೆಗೆ ಇಪ್ಪತ್ತನಾಲ್ಕು ಗುಂಟೆಯ ಹಿತ್ತಲಿನಲ್ಲಿ ಅರ್ಧವನ್ನು ಮಾರಿ ಋಣಮುಕ್ತರಾಗಬೇಕಾಯಿತು. ಉಳಿದುದೇ ಈ ಹನ್ನೆರಡು ಗುಂಟೆ.

"ಆಗ ನನ್ನ ತಂದೆ ಸಾಲ ಮಾಡಿದ್ದು ತಪ್ಪಾಗಿರಲಿಲ್ಲ," ಎಂದನು ಅಜ್ಜ. "ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು. ಯಾವಾಗ ತೀರಿಸಲಾದೀತು ಎಂಬುದನ್ನು ಮಾತ್ರ ಅವರು ತೂಗಿ ನೋಡಲಿಲ್ಲ. ಚಿನ್ನವನ್ನು ಗುಲಗಂಜಿಯ ಲೆಕ್ಕದಲ್ಲಿ ತೂಗುವವರು ಸಾಲವನ್ನು ಕಣ್ಣಳತೆಯಲ್ಲಿ ತಂದರು."

ಮರುದಿನ ತಂದೆಮಗಳು ಬ್ಯಾಂಕಿಗೆ ಹೋದರು. ಅಲ್ಲಿಯ ಅಧಿಕಾರಿಯು ಸಜ್ಜನನು. ಕಾಗದವೊಂದನ್ನು ತೆಗೆದುಕೊಂಡು ಸಾವಕಾಶವಾಗಿ ವಿವರಿಸಿದನು. ಶೈಕ್ಷಣಿಕ ಸಾಲವು ರೂ. ೪ ಲಕ್ಷದವರೆಗಿದ್ದರೆ ಮನೆಯವರು ತಮ್ಮ ಪಾಲೆಂದು ಏನನ್ನೂ ಹಾಕಬೇಕಾಗಿಲ್ಲ. ಅದಕ್ಕೆ ಮೀರಿದರೆ ಸ್ವದೇಶದ ವ್ಯಾಸಂಗಕ್ಕೆ ನೂರಕ್ಕೆ ಐದರಷ್ಟನ್ನು ಹಾಕಬೇಕು. ರೂ. ೭.೫ ಲಕ್ಷದವರೆಗೆ ಆಸ್ತಿಯ ಅಡವಿನ ಅಗತ್ಯವಿಲ್ಲ. ಓದುವ ಅವಧಿ ಹಾಗೂ ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ ತಂದೆಯ ಮುಖ ಅರಳಿತು; ಹಿತ್ತಲು ಉಳಿಯಿತೆಂದುಕೊಂಡನು. ಆಗ ಅಧಿಕಾರಿಯು, "ಅಡವು ಬೇಡ, ನಿಜ. ಆದರೆ ಸಾಲಪತ್ರಕ್ಕೆ ಮಗಳ ಜೊತೆಗೆ ನೀವೂ ಸಹಿ ಹಾಕಬೇಕು. ಕಂತು ತಪ್ಪಿದರೆ ಹೊಣೆ ನಿಮ್ಮದೂ ಆಗುತ್ತದೆ. ಕಂತು ಕಟ್ಟದ ಕಾಲದಲ್ಲಿಯೂ ಬಡ್ಡಿ ಮಲಗಿರುವುದಿಲ್ಲ," ಎಂದು ಎಚ್ಚರಿಸಿದನು.

ನೂರಕ್ಕೆ ಹತ್ತರ ಬಡ್ಡಿಯೆಂದು ಹಿಡಿದು ಹುಡುಗಿಯೇ ಲೆಕ್ಕ ಹಾಕಿದಳು. ವರ್ಷದ ಆರಂಭದಲ್ಲಿ ಎರಡೆರಡು ಲಕ್ಷದಂತೆ ಮೂರು ಬಾರಿ ಸಾಲ ಪಡೆದರೆ, ಕಂತು ಆರಂಭವಾಗುವುದು ನಾಲ್ಕು ವರ್ಷಗಳ ಬಳಿಕ. ಅಷ್ಟರೊಳಗೆ ಮೊದಲ ಎರಡು ಲಕ್ಷಕ್ಕೆ ಸರಳ ಬಡ್ಡಿ ರೂ. ೮೦,೦೦೦, ಎರಡನೆಯದಕ್ಕೆ ರೂ. ೬೦,೦೦೦; ಮೂರನೆಯದಕ್ಕೆ ರೂ. ೪೦,೦೦೦. ಹೀಗೆ ಆರು ಲಕ್ಷದ ಸಾಲವು ಮೊದಲ ಕಂತನ್ನು ಕಟ್ಟುವ ದಿನದಂದು ರೂ. ೭,೮೦,೦೦೦ ಆಗಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು ರೂ. ೧೦,೩೦೦. ಒಟ್ಟು ಕಟ್ಟುವ ಹಣ ಹನ್ನೆರಡು ಲಕ್ಷ ಮೂವತ್ತಾರು ಸಾವಿರಕ್ಕೂ ಮೇಲು. ಹದಿನೈದು ವರ್ಷಗಳಿಗೆ ಹಂಚಿದರೆ ಕಂತು ರೂ. ೮,೪೦೦ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಒಟ್ಟು ಹಣ ಹದಿನೈದು ಲಕ್ಷವನ್ನು ದಾಟುತ್ತದೆ. ಕಂತು ಚಿಕ್ಕದಾದಷ್ಟೂ ಸಾಲ ದೊಡ್ಡದಾಗುವ ಈ ವಿಚಿತ್ರವನ್ನು ಕಂಡು ಹುಡುಗಿ ಬೆರಗಾದಳು.

ಇನ್ನು ಗಳಿಕೆಯ ತಟ್ಟೆ. ಬೆಂಗಳೂರಿನಲ್ಲಿ ಇದೇ ಪದವಿಯನ್ನು ಪಡೆದು ಒಂದು ಕಚೇರಿಯ ಸಿಬ್ಬಂದಿ ವಿಭಾಗದಲ್ಲಿದ್ದ ನೆರೆಮನೆಯ ಯುವತಿಯೊಬ್ಬಳು ಮಳೆಗಾಲಕ್ಕೆ ಮೊದಲು ಊರಿಗೆ ಬಂದಿದ್ದಳು. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: ತನ್ನ ಮೊದಲ ಸಂಬಳ ರೂ. ೧೮,೦೦೦, ಕೊಠಡಿ, ಊಟ, ಬಸ್ಸುಗಳಿಗೆ ಹನ್ನೆರಡು ಸಾವಿರ, ಉಳಿದುದು ಆರು ಸಾವಿರ. "ಕಾಲೇಜಿನವರು ಮನಶ್ಶಾಸ್ತ್ರಜ್ಞೆಯಾಗುವೆ ಎಂದರು, ನಾನು ಅರ್ಜಿಗಳನ್ನು ಜೋಡಿಸುತ್ತಿದ್ದೇನೆ," ಎಂದು ನಕ್ಕಳು. ಆ ನಗುವಿನಲ್ಲಿ ನಗು ಕಡಿಮೆಯಿದ್ದಿತು. ಆರು ಸಾವಿರ ಉಳಿಯುವಲ್ಲಿ ಹತ್ತು ಸಾವಿರದ ಕಂತನ್ನು ಕಟ್ಟುವುದು ಹೇಗೆ? ತಂದೆಯ ಕುಲುಮೆಯಿಂದಲೇ ಕಟ್ಟಬೇಕು, ಇಲ್ಲವೇ ಹಿತ್ತಲಿನಿಂದ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿ ಅವಳಿಂದ ತಿಳಿಯಿತು. ಬಿ.ಎ. ಪದವಿಯು ಈ ವಿದ್ಯೆಯಲ್ಲಿ ಹೊಸ್ತಿಲು ಮಾತ್ರ. ಧಾರವಾಡದ ಆಸ್ಪತ್ರೆಯಲ್ಲಿ ಅತ್ತೆಯ ಎದುರು ಕುಳಿತಿದ್ದಂತಹ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾಗಲು ಸ್ನಾತಕೋತ್ತರ ವ್ಯಾಸಂಗವೂ, ಆಸ್ಪತ್ರೆಯಲ್ಲಿ ಮಾನ್ಯತೆ ಪಡೆದ ತರಬೇತಿಯೂ ಬೇಕು. ೧೯೯೨ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ದಾಖಲಾಗಬೇಕು. ಬಹುಕಾಲದಿಂದ ರೂಢಿಯಲ್ಲಿದ್ದ ಹಾದಿಯೆಂದರೆ ಪದವಿಗೆ ಮೂರು ವರ್ಷ, ಎಂ.ಎ.ಗೆ ಎರಡು, ಎಂ.ಫಿಲ್.ಗೆ ಎರಡು, ಹೀಗೆ ಏಳು ವರ್ಷಗಳ ಹಾದಿ. ಎಂ.ಫಿಲ್. ಪದವಿಯನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ನಿಲ್ಲಿಸಲು ತೀರ್ಮಾನಿಸಿ, ಚಿಕಿತ್ಸಾ ಮನಶ್ಶಾಸ್ತ್ರವೇ ಮೊದಲಾದ ಕೆಲವಕ್ಕೆ ೨೦೨೫-೨೬ರವರೆಗೆ ಅವಕಾಶವಿತ್ತಿದ್ದಿತು. ತರಬೇತಿಯ ಹೆಸರು ಬದಲಾದರೂ ಮೂರು ವರ್ಷದ ಬಿ.ಎ. ಒಂದರಿಂದಲೇ ಆ ಪಟ್ಟಿಯನ್ನು ಸೇರಲಾಗದೆಂಬುದು ಬದಲಾಗಲಿಲ್ಲ. ಪುಸ್ತಿಕೆಯ ಆ ಒಂದು ವಾಕ್ಯವು ಇದನ್ನೆಲ್ಲ ನುಂಗಿಕೊಂಡಿದ್ದಿತು.

ಲೆಕ್ಕದ ನಿಜವಾದ ಗಂಟು ಇಲ್ಲಿಯೇ ಇದ್ದಿತು. ಅಡವಿಲ್ಲದೆ ದೊರೆಯುವ ಸಾಲಕ್ಕೆ ಏಳೂವರೆ ಲಕ್ಷದ ಮಿತಿಯಿದೆ. ಎರಡನೆಯ ಸಾಲವನ್ನು ಕೊಡುವಾಗ ಮೊದಲಿನದನ್ನೂ ಕೂಡಿಸಿ ನೋಡುವೆವೆಂದು ಅಧಿಕಾರಿಯು ಹೇಳಿದ್ದನು. ಆರು ಲಕ್ಷವನ್ನು ಹೊಸ್ತಿಲಿಗೇ ಸುರಿದರೆ ಒಳಮನೆಗೆ ಉಳಿಯುವುದು ಒಂದೂವರೆ ಲಕ್ಷ. ಮುಂದೆ ಓದಬೇಕಾದ ಹೊತ್ತಿಗೆ ಹಿಂದಿನ ಸಾಲದ ಕಂತು ಬಾಗಿಲಲ್ಲಿ ನಿಂತಿರುತ್ತದೆ. ಸಾಲವನ್ನು ತೀರಿಸಲು ಯಾವುದಾದರೊಂದು ಕೆಲಸಕ್ಕೆ ಸೇರಬೇಕು. ಕೆಲಸಕ್ಕೆ ಸೇರಿದರೆ ಓದು ನಿಲ್ಲುತ್ತದೆ. ಓದು ನಿಂತರೆ ಸಾಲವನ್ನು ತೀರಿಸಬಲ್ಲ ವೃತ್ತಿ ಕೈಗೆ ಬರುವುದಿಲ್ಲ. ಯಾವುದಕ್ಕಾಗಿ ಸಾಲ ಮಾಡಲಾಯಿತೋ ಅದನ್ನೇ ಸಾಲವು ತಡೆಯುವಂತಾದರೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಯಾವುದಿದೆ?

ಹುಡುಗಿಯು ಆ ರಾತ್ರಿ ಊಟ ಮಾಡಲಿಲ್ಲ. "ಹಾಗಾದರೆ ಹಣವಿದ್ದವರು ಮಾತ್ರ ಮನಸ್ಸಿನ ಶಾಸ್ತ್ರವನ್ನು ಓದಬೇಕೇ?" ಎಂದು ತಂದೆಯನ್ನು ಕೇಳಿದಳು. ಆ ಪ್ರಶ್ನೆ ನ್ಯಾಯವಾದುದೇ ಆಗಿದ್ದಿತು. ತಂದೆಯು ಉತ್ತರವಿಲ್ಲದೆ ಕುಳಿತನು. ಉತ್ತರಿಸಿದವನು ಅಜ್ಜ.

"ಒಡವೆಯನ್ನು ಕೊಳ್ಳುವವನು ಎರಡಕ್ಕೆ ಹಣ ಕೊಡುತ್ತಾನೆ, ಮಗು. ಒಂದು ಚಿನ್ನದ ತೂಕಕ್ಕೆ, ಇನ್ನೊಂದು ಮಜೂರಿಗೆ. ಕಷ್ಟಕಾಲದಲ್ಲಿ ಅದನ್ನು ಮಾರಲು ಹೋದರೆ ಅಂಗಡಿಯವನು ತೂಕಕ್ಕೆ ಮಾತ್ರ ಹಣ ಕೊಡುತ್ತಾನೆ, ಮಜೂರಿ ಮರಳುವುದಿಲ್ಲ. ನೀನು ಓದುವ ಶಾಸ್ತ್ರ ಚಿನ್ನ. ಗಾಜಿನ ಕಟ್ಟಡ ಮಜೂರಿ. ಅದೇ ಚಿನ್ನ ಕಡಿಮೆ ಮಜೂರಿಗೆ ಎಲ್ಲಿ ದೊರೆಯುತ್ತದೆ ನೋಡು."

ಮಜೂರಿಯಿಂದಲೇ ಬದುಕಿದ ಮುದುಕನ ಬಾಯಲ್ಲಿ ಈ ಮಾತು ಬಂದುದರಿಂದ ಅದಕ್ಕೆ ಹೆಚ್ಚಿನ ತೂಕವಿದ್ದಿತು. ಮಜೂರಿಯೆಲ್ಲವೂ ವ್ಯರ್ಥವೆಂದು ಆತನ ಅಭಿಪ್ರಾಯವಾಗಿರಲಿಲ್ಲ. ಒಳ್ಳೆಯ ಗುರುಗಳು, ಒಳ್ಳೆಯ ಗ್ರಂಥಾಲಯ, ಆಸ್ಪತ್ರೆಗಳಲ್ಲಿ ಅನುಭವ ಪಡೆಯುವ ಅವಕಾಶ, ಇವು ಚಿನ್ನದ ಭಾಗವೇ. ಯಾವುದು ತೂಕ, ಯಾವುದು ಹೊಳಪು ಎಂಬುದನ್ನು ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬುದೇ ಆತನ ಇಂಗಿತ.

ಅಲ್ಲಿಂದ ಹುಡುಕಾಟದ ದಿಕ್ಕು ಬದಲಾಯಿತು. ಕರ್ಕಿಯು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಸೀಮೆ. ಧಾರವಾಡದಲ್ಲಿ ೧೯೧೭ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ಕಲಾ ವಿಭಾಗದಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಾರೆ. ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿಭಾಗವೂ ಇದೆ. ಅತ್ತೆಯು ಗುಣಮುಖಳಾದ ಮಾನಸಿಕ ಆರೋಗ್ಯ ಸಂಸ್ಥೆಯೂ ಅದೇ ಊರಿನಲ್ಲಿದೆ. ಶುಲ್ಕ, ವಸತಿ, ಊಟ, ಪುಸ್ತಕ, ಪ್ರಯಾಣಗಳೆಲ್ಲ ಸೇರಿ ವರ್ಷಕ್ಕೆ ರೂ. ೭೦,೦೦೦ ಆದೀತೆಂದು ಮನೆಯವರು ಅಂದಾಜು ಮಾಡಿದರು. ತಂದೆಯು ತನ್ನ ಮೂವತ್ತು ಸಾವಿರವನ್ನೂ, ತಾಯಿಯು ಸ್ವಸಹಾಯ ಸಂಘದ ಉಳಿತಾಯದಿಂದ ಹತ್ತು ಸಾವಿರವನ್ನೂ ಕೊಟ್ಟರೆ ಕೊರತೆ ಮೂವತ್ತು ಸಾವಿರ. ಅದನ್ನಷ್ಟೇ ಸಾಲವಾಗಿ ಪಡೆದರೆ ಮೂರು ವರ್ಷಗಳಿಗೆ ರೂ. ೯೦,೦೦೦, ಕಂತು ಆರಂಭವಾಗುವ ಹೊತ್ತಿಗೆ ಬಡ್ಡಿ ಸೇರಿ ರೂ. ೧,೧೭,೦೦೦. ಐದು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ರೂ. ೨,೫೦೦. ಹದಿನೆಂಟು ಸಾವಿರದ ಸಂಬಳದವಳೂ ತಡೆದುಕೊಳ್ಳಬಲ್ಲ ಭಾರವಿದು. ಓದುವಾಗಲೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತ ಹೋದರೆ, ಮೊದಲ ವರ್ಷ ಬೀಳುವುದು ತಿಂಗಳಿಗೆ ಇನ್ನೂರೈವತ್ತು ರೂಪಾಯಿ ಮಾತ್ರ. ಅಸಲು ತೊಂಬತ್ತು ಸಾವಿರದಲ್ಲಿಯೇ ನಿಲ್ಲುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಏಳೂವರೆ ಲಕ್ಷದ ಮಿತಿಯಲ್ಲಿ ಬಹುಭಾಗ ಮುಂದಿನ ನಾಲ್ಕು ವರ್ಷಗಳ ವ್ಯಾಸಂಗಕ್ಕೆ ಕೈಮುಟ್ಟದೆ ಉಳಿಯುತ್ತದೆ.

ಬಂಧುವೊಬ್ಬನು ಇನ್ನೂ ಅಗ್ಗದ ಹಾದಿಯನ್ನು ತೋರಿಸಿದ್ದನು. ಮನೆಯಲ್ಲಿಯೇ ಕುಳಿತು ಅಂಚೆಯ ಮೂಲಕ ಪದವಿ ಪಡೆಯಬಹುದು, ಹಣವೂ ಉಳಿಯುತ್ತದೆ ಎಂದಿದ್ದನು. ಎದುರಿಗೆ ರೋಗಿಯಿಲ್ಲದೆ, ಕಲಿಸುವ ಗುರುವಿಲ್ಲದೆ ಮನಸ್ಸಿನ ಶಾಸ್ತ್ರವನ್ನು ಕಲಿಯುವುದು ಹೇಗೆಂದು ಹುಡುಗಿಯೇ ಒಪ್ಪಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಅನುದಾನ ಆಯೋಗವು ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಕಲಿಸಕೂಡದೆಂದು ಆಜ್ಞೆ ಹೊರಡಿಸಿತು. ಅತಿ ಬೆಲೆಯದು ಹೇಗೆ ಅಪಾಯವೋ ಅತಿ ಅಗ್ಗದ್ದೂ ಹಾಗೆಯೇ ಅಪಾಯವೆಂಬುದು ಆ ಬಂಧುವಿಗೂ ಮನವರಿಕೆಯಾಯಿತು.

ಧಾರವಾಡವನ್ನು ಆರಿಸಿಕೊಂಡುದರಿಂದ ಹುಡುಗಿಗೆ ನಷ್ಟವೇ ಆಗಲಿಲ್ಲವೆಂದರೆ ಸುಳ್ಳಾದೀತು. ಬೆಂಗಳೂರಿನ ಪರಿಚಯ, ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡುವ ಗೆಳೆಯರ ಸಹವಾಸ, ನಿಮ್ಹಾನ್ಸಿನ ಸಾಮೀಪ್ಯ, ಇವುಗಳನ್ನು ಅವಳು ಬಿಟ್ಟುಕೊಟ್ಟಳು. ಏಳು ವರ್ಷಗಳ ಕೊನೆಗೆ ಉದ್ಯೋಗ ಖಚಿತವೆಂದು ಅವಳಿಗೆ ಯಾರೂ ಬರೆದುಕೊಟ್ಟಿಲ್ಲ. ಆಸ್ಪತ್ರೆಯ ತರಬೇತಿಯ ಸ್ಥಾನಗಳು ಕಡಿಮೆ, ಸ್ಪರ್ಧೆ ಹೆಚ್ಚು. ಆದರೆ ಎಡವಿದರೆ ಏಳಲಾಗುವಂತಹ ಎತ್ತರದಿಂದ ಅವಳು ಏರತೊಡಗಿದ್ದಾಳೆ. ಒಂದು ವೇಳೆ ಮೂರು ವರ್ಷಗಳ ಬಳಿಕ ಈ ಹಾದಿ ತನ್ನದಲ್ಲವೆಂದು ತೋರಿದರೂ, ಅಧ್ಯಾಪನಕ್ಕೋ ಸ್ಪರ್ಧಾತ್ಮಕ ಪರೀಕ್ಷೆಗೋ ತಿರುಗಲು ಸಾಲವು ಅವಳ ಕೈಹಿಡಿದು ಎಳೆಯುವುದಿಲ್ಲ. ಮನಸ್ಸನ್ನು ಬದಲಿಸಿಕೊಳ್ಳುವ ಈ ಸ್ವಾತಂತ್ರ್ಯಕ್ಕೂ ಬೆಲೆಯಿದೆ. ಹೆಚ್ಚಿನವರು ಅದನ್ನು ಲೆಕ್ಕದಲ್ಲಿ ಹಿಡಿಯುವುದೇ ಇಲ್ಲ.

ಮಳೆ ಹಿಡಿದ ಒಂದು ಮುಂಜಾನೆ ತಂದೆಮಗಳು ಅಂಕೋಲೆಯ ಮೇಲಾಗಿ ಅರಬೈಲು ಘಟ್ಟವನ್ನು ಹತ್ತುವ ಬಸ್ಸಿನಲ್ಲಿ ಕುಳಿತರು. ಅತ್ತೆಯು ಹೆದ್ದಾರಿಯವರೆಗೆ ಬಂದು, ಅವಲಕ್ಕಿಯ ಪೊಟ್ಟಣವನ್ನು ಕಿಟಕಿಯೊಳಗೆ ನೀಡಿದಳು. "ಅಲ್ಲಿ ನನ್ನೊಡನೆ ಮಾತನಾಡುತ್ತಿದ್ದ ಆ ಹುಡುಗಿ ಇದ್ದರೆ, ನಾನು ಈಗ ನಿದ್ರೆ ಮಾಡುತ್ತೇನೆಂದು ಹೇಳು," ಎಂದಳು. ಬಸ್ಸು ಹೊರಟ ಬಳಿಕ ಅಜ್ಜನು ಹಿತ್ತಲಿನ ಕಾಗದಪತ್ರಗಳನ್ನು ಮಡಿಸಿ, ಇದ್ದಲ್ಲಿಯೇ ಇಟ್ಟು, ಪೆಟ್ಟಿಗೆಯ ಮುಚ್ಚಳವನ್ನು ಮುಚ್ಚಿದನು.

ವಿದ್ಯೆಗಾಗಿ ಸಾಲ ಮಾಡುವುದು ಪಾಪವಲ್ಲ; ಎಷ್ಟೋ ಬಡ ಮಕ್ಕಳನ್ನು ಸಾಲವೇ ದಡ ಸೇರಿಸಿದೆ. ಆದರೆ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಪ್ರತಿಯೊಂದು ಮನೆಯೂ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಈ ಪದವಿಯೊಂದರಿಂದಲೇ ಅಂದುಕೊಂಡ ವೃತ್ತಿ ದೊರೆಯುವುದೇ, ಅಥವಾ ಹಾದಿ ಇನ್ನೂ ಮುಂದಿದೆಯೇ? ಮೊದಲ ಸಂಬಳದಲ್ಲಿ ಉಂಡು ಉಟ್ಟು ಉಳಿಯುವ ಹಣಕ್ಕಿಂತ ಕಂತು ಚಿಕ್ಕದಾಗಿದೆಯೇ? ಇದೇ ವಿದ್ಯೆ ಇದಕ್ಕಿಂತ ಕಡಿಮೆ ವೆಚ್ಚದಲ್ಲಿ ಬೇರೆಲ್ಲಿಯಾದರೂ ಇದೆಯೇ? ಇವಕ್ಕೆ ಉತ್ತರ ದೊರೆತ ಮೇಲೆ ಮಕ್ಕಳ ಆಸೆಯನ್ನು ತಕ್ಕಡಿಯಲ್ಲಿ ಇಡಬೇಕು. ಅದನ್ನು ಹೊರಗಿಟ್ಟು ತೂಗಿದ ಲೆಕ್ಕವೂ ಸರಿಯಾದ ಲೆಕ್ಕವಲ್ಲ. ಕರ್ಕಿಯ ಆ ಮನೆಯಲ್ಲಿ ಎರಡು ತಟ್ಟೆಗಳೂ ಸಮವಾಗಿ ನಿಲ್ಲಲು ಎರಡು ತಿಂಗಳು ಹಿಡಿಯಿತು. ಒಂದು ಬಾಳಿನ ದಾರಿಯನ್ನು ಆರಿಸುವುದಕ್ಕೆ ಅದು ದೀರ್ಘಕಾಲವೇನಲ್ಲ.